ಇಮೇಜ್ ಇಳಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಆರಂಭವಾಗುತ್ತಿಲ್ಲ, ‘ಕಡತ ಸಿಗುತ್ತಿಲ್ಲ’ ಎನ್ನುತ್ತದೆ

ಪ್ರಶ್ನೆ, ಶಿರಸಿಯಿಂದ:
ನಮ್ಮ ಸಹಕಾರ ಸಂಘಕ್ಕೆ ಹನ್ನೊಂದು ಹೊಸ ಲ್ಯಾಪ್‌ಟಾಪ್ ಬಂದಿವೆ. ಒಂದರಲ್ಲಿ ವಿಂಡೋಸ್ 11 ಪ್ರೊ, ನುಡಿ, ಅಡಿಕೆ ವಹಿವಾಟಿನ ಲೆಕ್ಕದ ತಂತ್ರಾಂಶ, ಪ್ರಿಂಟರ್ ಡ್ರೈವರ್ ಎಲ್ಲ ಹಾಕಿ, ಬೇರೆ ಯಂತ್ರಗಳಿಗೆ ಇಳಿಸಲು ಸಜ್ಜುಗೊಳಿಸುವ ಸಿಸ್‌ಪ್ರೆಪ್ ಮಾಡಿ, ಸಿ ಡ್ರೈವಿನ ಇಮೇಜ್ (ಇಡೀ ಡ್ರೈವಿನ ಪಡಿಯಚ್ಚು) ತೆಗೆದೆ. ಅದನ್ನು ಉಳಿದ ಹತ್ತಕ್ಕೂ, ಮೊದಲೇ ಇದ್ದ ಹಳೆಯದೊಂದಕ್ಕೂ ಇಳಿಸಿದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಒಂದು ಬಿಟ್ಟು ಎಲ್ಲವೂ ಸರಿಯಾಗಿವೆ. ಆನ್ ಮಾಡಹೋದರೆ ಕಡತ ಸಿಗುತ್ತಿಲ್ಲ ಎಂಬ ಸಂದೇಶ, ಸಂಕೇತದ ಕೊನೆಗೆ 80070002. ಯಾವ ಕಡತ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಇಮೇಜ್ ತೆಗೆದ ಮೂಲ ಯಂತ್ರದಲ್ಲಿ ಇದೇ ಕೆಲಸ ಸರಾಗ. ಸೋಮವಾರ ನಾಲ್ಕು ಲ್ಯಾಪ್‌ಟಾಪ್‌ಗಳು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಶಾಖೆಗಳಿಗೆ ಹೋಗಬೇಕು. ಸದಸ್ಯರ ಸಾಲದ ವಿವರ ಬೀಗವಿಲ್ಲದೆ ಬಸ್ಸಿನಲ್ಲಿ ಹೋಗುವುದು ನನಗೆ ಸರಿಕಾಣುತ್ತಿಲ್ಲ.

ಕುಮಟಾದಿಂದ:
ಟಿಪಿಎಂ (ಬಿಟ್‌ಲಾಕರ್ ಕೀಲಿ ಕಾಯುವ ಚಿಪ್) ಕ್ಲಿಯರ್ ಮಾಡಿ ನೋಡಿ. ನಮ್ಮಲ್ಲಿ ಒಮ್ಮೆ ಹಾಗೆಯೇ ಸರಿಹೋಗಿತ್ತು.

ಕಾರವಾರದಿಂದ:
ಟಿಪಿಎಂಗೆ ಈಗಲೇ ಕೈ ಹಾಕಬೇಡಿ ಮಾರಾಯರೇ. ಅದನ್ನು ಅಳಿಸಿದರೆ ಒಳಗಿದ್ದ ಕೀಲಿಗಳೆಲ್ಲ ಹೋಗುತ್ತವೆ. ಈಗಾಗಲೇ ಬೀಗ ಬಿದ್ದಿರುವ ಯಂತ್ರದಲ್ಲಿ ಹಾಗೆ ಮಾಡಿದರೆ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀ ಹುಡುಕುತ್ತ ಕೂರಬೇಕಾಗುತ್ತದೆ. ಮೂಲ ಯಂತ್ರದಲ್ಲಿ ಆಗುವುದು ಪ್ರತಿಗಳಲ್ಲಿ ಆಗದಿದ್ದರೆ ನನ್ನ ಅನುಮಾನ ಇಮೇಜಿನ ಮೇಲೆಯೇ.

ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ರೀಏಜೆಂಟ್‌ಸಿ /ಇನ್ಫೋ’ ಕೊಡಿ. ಏನು ಬರುತ್ತದೆ ತಿಳಿಸಿ.

ಶಿರಸಿಯಿಂದ:
ವಿಂಡೋಸ್ ರಿಕವರಿಯ ಸ್ಥಿತಿ ‘ಡಿಸೇಬಲ್ಡ್’. ಸ್ಥಳ ತೋರಿಸಬೇಕಾದ ಸಾಲು ಖಾಲಿ.

ಕಾರವಾರದಿಂದ:
ಸಿಕ್ಕಿತು. ಬಿಟ್‌ಲಾಕರ್ ಶುರುವಾಗುವಾಗ, ವಿಂಡೋಸ್ ಕೆಟ್ಟಾಗ ದುರಸ್ತಿಗೆ ಬಳಸುವ ರಿಕವರಿ ವ್ಯವಸ್ಥೆ ಎಲ್ಲಿದೆ ಎಂದು ನೋಡುತ್ತದೆ. ಆ ವಿಳಾಸ ಇರುವುದು ವಿಂಡೋಸ್ ಫೋಲ್ಡರ್, ಸಿಸ್ಟಮ್32, ರಿಕವರಿ ಒಳಗಿನ ‘ರೀಏಜೆಂಟ್.ಎಕ್ಸ್‌ಎಂಎಲ್’ ಕಡತದಲ್ಲಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಡಿಸ್ಕಿನ ಉದ್ದನೆಯ ಗುರುತು ಸಂಖ್ಯೆ ಕಾಣುತ್ತದೆ. ಅದು ಮೂಲ ಲ್ಯಾಪ್‌ಟಾಪ್‌ನ ಡಿಸ್ಕಿನದು. ಇಮೇಜಿನ ಜೊತೆ ಅದೂ ಹೋಗಿ ಕುಳಿತಿದೆ. ಮನೆ ಬದಲಾದರೂ ಪಡಿತರ ಚೀಟಿಯಲ್ಲಿ ಹಳೆಯ ವಿಳಾಸವೇ ಉಳಿದ ಹಾಗೆ.

ಆ ಕಡತದ ಹೆಸರು ಬದಲಿಸಿ, ಅಳಿಸಬೇಡಿ. ಅದೇ ಫೋಲ್ಡರಿನಲ್ಲಿ ‘ವಿನ್‌ಆರ್‌ಇ.ವಿಮ್’ (ಆ ರಿಕವರಿ ವ್ಯವಸ್ಥೆಯೇ ಇರುವ ಕಡತ) ಇದೆಯೇ ನೋಡಿ; ಅಡಗಿಸಿಟ್ಟ ಕಡತವಾದ್ದರಿಂದ ಸುಮ್ಮನೆ ನೋಡಿದರೆ ಕಾಣದು. ಇದ್ದರೆ ‘ರೀಏಜೆಂಟ್‌ಸಿ /ಎನೇಬಲ್’ ಕೊಟ್ಟು ಬಿಟ್‌ಲಾಕರ್ ಆನ್ ಮಾಡಿ. ಇಲ್ಲದಿದ್ದರೆ, ಮೂಲ ಯಂತ್ರದಲ್ಲಿ ಅದು ಪ್ರತ್ಯೇಕ ರಿಕವರಿ ವಿಭಾಗದಲ್ಲಿತ್ತು, ನೀವು ತೆಗೆದದ್ದು ಸಿ ಡ್ರೈವನ್ನು ಮಾತ್ರ ಎಂದರ್ಥ. ಆಗ ಅದೇ ಆವೃತ್ತಿಯ ವಿಂಡೋಸ್ ಹಾಕಲು ಬಳಸುವ ಐಎಸ್‌ಒ ಕಡತದಲ್ಲಿರುವ ‘ಇನ್‌ಸ್ಟಾಲ್.ವಿಮ್’ ಒಳಗಿನಿಂದ ತಂದು ಹಾಕಿ.

ಮುಂದಿನ ಸಲ ಇಮೇಜ್ ತೆಗೆಯುವ ಮೊದಲು ಮೂಲ ಯಂತ್ರದಲ್ಲಿ ‘ರೀಏಜೆಂಟ್‌ಸಿ /ಡಿಸೇಬಲ್’ ಕೊಡಿ. ವಿಮ್ ಕಡತ ತಾನಾಗಿ ಸಿ ಡ್ರೈವಿಗೆ ಮರಳುತ್ತದೆ.

ಶಿರಸಿಯಿಂದ:
ವಿಮ್ ಕಡತ ಇರಲಿಲ್ಲ, ನೀವು ಹೇಳಿದಂತೆ ತಂದು ಹಾಕಿದೆ. ಹತ್ತೂ ಹೊಸವು ಒಪ್ಪಿಕೊಂಡವು. ಹಳೆಯದು ಮಾತ್ರ ಈಗ ಟಿಪಿಎಂ ಇಲ್ಲವೇ ಇಲ್ಲ ಎನ್ನುತ್ತಿದೆ.

ಕಾರವಾರದಿಂದ:
ಅದು ಹಳೆಯ ಲೆಗಸಿ ರೀತಿಯಲ್ಲಿ ಬೂಟ್ ಆಗುತ್ತಿರಬಹುದು. ಟಿಪಿಎಂ 2.0 ಕೆಲಸ ಮಾಡಲು ಯುಇಎಫ್‌ಐ ಎಂಬ ಹೊಸ ಬೂಟ್ ರೀತಿ ಬೇಕು. ಮೊದಲು ಬ್ಯಾಕಪ್. ಆಮೇಲೆ ವಿಂಡೋಸ್‌ನದೇ ‘ಎಂಬಿಆರ್2ಜಿಪಿಟಿ’ಯಿಂದ ಡಿಸ್ಕನ್ನು ಹಳೆಯ ಎಂಬಿಆರ್ ವಿನ್ಯಾಸದಿಂದ ಯುಇಎಫ್‌ಐಗೆ ಬೇಕಾದ ಜಿಪಿಟಿಗೆ ಪರಿವರ್ತಿಸಿ, ನಂತರವಷ್ಟೇ ಬಯೋಸ್‌ನಲ್ಲಿ ಯುಇಎಫ್‌ಐಗೆ ಬದಲಿಸಿ. ಕ್ರಮ ತಪ್ಪಿದರೆ ಬೂಟ್ ಆಗುವುದಿಲ್ಲ.

ರಿಕವರಿ ಕೀಗಳನ್ನು ಮುದ್ರಿಸಿ ತಿಜೋರಿಯಲ್ಲಿಡಿ. ಒಂದು ಕಚೇರಿಯಲ್ಲಿ ಲ್ಯಾಪ್‌ಟಾಪ್‌ನ ಅಡಿಗೇ ಅಂಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶಿರಸಿಯಿಂದ:
ಹಳೆಯದೂ ಸರಿಯಾಯಿತು. ಬೀಗ ಹಾಕುವ ಕೆಲಸ 63 ಪ್ರತಿಶತ ಆಗುವಾಗ ಮಳೆಗೆ ಕರೆಂಟ್ ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು. ಕರೆಂಟ್ ಬಂದು ಆನ್ ಮಾಡಿದರೆ ನಿಂತಲ್ಲಿಂದಲೇ ಮುಂದುವರಿಯಿತು.