ಸ್ಟೇಟ್ ಪಾರ್ಕ್ ಲಾಡ್ಜಿನಲ್ಲಿ ರಾತ್ರಿ ತಂಗುವವರು ಡಾಕ್ಟರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ನಮಸ್ಕಾರ. ಮಕ್ಕಳಿಗೆ ರಜೆ ಶುರುವಾಗಿದೆ. ಗುಂಪಿನಲ್ಲಿ ಅರ್ಧ ಜನ ಇಲ್ಲಿ ಅಮೆರಿಕದ ಓಹಾಯೋದ ಹಾಕಿಂಗ್ ಹಿಲ್ಸ್ ಪಾರ್ಕಿಗೆ, ಇನ್ನರ್ಧ ಜನ ಕೆಂಟಕಿಯ ಕಂಬರ್ಲೆಂಡ್ ಫಾಲ್ಸ್‌ಗೆ ಹೊರಟಿದ್ದೀರಿ. ಓಹಾಯೋದಲ್ಲಿ ಪ್ರಾಕ್ಟೀಸ್ ಮಾಡುವ, ನಮ್ಮ ಶಿವಮೊಗ್ಗ ಕಡೆಯ ಡಾಕ್ಟರ್ ಮೇಡಂ ಇವತ್ತು ಸಂಜೆ ಉತ್ತರಿಸುತ್ತಾರೆ. ಫಾರ್ವರ್ಡ್ ಬೇಡ, ದಯವಿಟ್ಟು.

ಕೊಲಂಬಸ್ ಅಪ್ಪ: ಮೇಡಂ, ಟ್ರೇಲ್ ಮುಗಿಸಿ ರೂಮಿಗೆ ಬಂದಾಗ ಮಗನ ಮಂಡಿಯ ಹಿಂದೆ ಉಣ್ಣೆ ಕಚ್ಚಿಕೊಂಡಿತ್ತು. ಕಿತ್ತು ಹಾಕಿದೆ. ಲೈಮ್ ಕಾಯಿಲೆ ಬರುತ್ತಾ?

ಡಾಕ್ಟರ್: ಕೂಡಲೇ ಕಿತ್ತಿದ್ದು ಒಳ್ಳೆಯದಾಯಿತು. ಲೈಮ್ ಹರಡುವುದು ಕಪ್ಪು ಕಾಲಿನ ಉಣ್ಣೆ. ಅದೂ ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿದ್ದರೆ ಮಾತ್ರ. ಉಣ್ಣೆಯ ಹೊಟ್ಟೆ ಉಬ್ಬಿತ್ತು ಅಂದರೆ 72 ಗಂಟೆಯೊಳಗೆ ಮಗನ ಡಾಕ್ಟರಿಗೆ ಫೋನ್ ಮಾಡಿ. ಒಂದು ಡೋಸ್ ಡಾಕ್ಸಿಸೈಕ್ಲಿನ್ ಬೇಕೋ ಬೇಡವೋ ಅವರು ನೋಡುತ್ತಾರೆ. ಒಂದು ತಿಂಗಳು ಆ ಜಾಗದ ಮೇಲೆ ಕಣ್ಣಿಡಿ. ಕೆಂಪು ದಿನೇ ದಿನೇ ಅಗಲವಾದರೆ, ಜ್ವರ ಬಂದರೆ ತೋರಿಸಿ.

ಸಾಗರದ ಸೊಸೆ: ಇದು ನಮ್ಮ ಮಂಗನ ಕಾಯಿಲೆಯ ಉಣ್ಣೇನಾ?

ಡಾಕ್ಟರ್: ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು ವೈರಸ್. ಲೈಮ್ ತರುವುದು ಬ್ಯಾಕ್ಟೀರಿಯಾ. ಉಣ್ಣೆಯೂ ಬೇರೆ ಜಾತಿ. ಆದರೆ ನಮ್ಮಜ್ಜಿ ಕಾಡಿಂದ ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಬಟ್ಟೆ ಬದಲಿಸು ಅನ್ನುತ್ತಿದ್ದರು. ಆ ಅಭ್ಯಾಸ ಇಲ್ಲಿಗೂ ಸರಿ. ಹಾಕಿಕೊಂಡಿದ್ದ ಬಟ್ಟೆಯನ್ನು ಡ್ರೈಯರಿಗೆ ಹಾಕಿ, ಜಾಸ್ತಿ ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿ.

ಹೊರನಾಡ ಕನ್ನಡಿಗ: ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿದ್ದು: ‘ಉಣ್ಣೆಯ ಮೇಲೆ ಸೀಮೆಎಣ್ಣೆಯ ಹತ್ತಿ ಇಡಿ, ಇಲ್ಲವೇ ಕಡ್ಡಿ ಗೀರಿ ಬಿಸಿ ಮುಟ್ಟಿಸಿ. ತಾನಾಗಿಯೇ ಉದುರುತ್ತದೆ. ಹತ್ತು ಜನಕ್ಕೆ ತಿಳಿಸಿ.’

ಡಾಕ್ಟರ್: ಒಬ್ಬರಿಗೂ ತಿಳಿಸಬೇಡಿ. ಹಾಗೆ ಕೆಣಕಿದರೆ ಉಣ್ಣೆ ತನ್ನ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಕ್ಕಬಹುದು. ಜೊತೆಗೆ ಮಗುವಿನ ಚರ್ಮ ಸುಡುತ್ತದೆ. ಚೂಪು ಮೂತಿಯ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೋಪು ಹಾಕಿ ತೊಳೆಯಿರಿ. ಅಷ್ಟೇ ಔಷಧ.

ಮೈಸೂರು ಮಲ್ಲಿಗೆ: ಸೊಳ್ಳೆಗೆ, ಉಣ್ಣೆಗೆ ಏನು ಹಚ್ಚಬೇಕು? ಮಗುವಿಗೆ ಹದಿನಾಲ್ಕು ತಿಂಗಳು.

ಡಾಕ್ಟರ್: ಡೀಟ್ ಅನ್ನುವ, ಹುಳ ಹತ್ತಿರ ಬಾರದಂತೆ ತಡೆಯುವ ಔಷಧ, 30 ಪರ್ಸೆಂಟ್ ಮೀರದ್ದು. ಎರಡು ತಿಂಗಳಾಗದ ಕೂಸಿಗೆ ಮಾತ್ರ ಬೇಡ. ಮಗುವಿನ ಅಂಗೈಗೆ, ಕಣ್ಣು ಬಾಯಿಯ ಹತ್ತಿರ ಹಚ್ಚಬೇಡಿ. ಉಣ್ಣೆ ಕೊಲ್ಲುವ ಪರ್ಮೆಥ್ರಿನ್ ಬಟ್ಟೆಗೆ, ಶೂಗೆ ಮಾತ್ರ. ಮೈಗಲ್ಲ.

ಬೆಣ್ಣೆದೋಸೆ ಭಕ್ತ: ಲಾಡ್ಜ್ ರೂಮಿನಲ್ಲಿ ಇಂಡಕ್ಷನ್ ಇಟ್ಟು ಉಪ್ಪಿಟ್ಟು ಮಾಡಬಹುದಾ?

ಸಾಗರದ ಸೊಸೆ: ಇದು ಡಾಕ್ಟರಿಗೆ ಕೇಳುವ ಪ್ರಶ್ನೇನಾ? ಅಡುಗೆಮನೆ ಬೇಕಾದರೆ ಕ್ಯಾಬಿನ್ ತಗೊಳ್ಳಿ.

ಬೆಣ್ಣೆದೋಸೆ ಭಕ್ತ: ಕ್ಯಾಬಿನ್ ಆರು ತಿಂಗಳು ಮುಂಚೆ ಬುಕ್ ಆಗಿರುತ್ತದೆ. ಎರಡು ದಿನ ಬರೀ ಫ್ರೆಂಚ್ ಫ್ರೈಸ್ ತಿನ್ನಬೇಕಾ?

ಕೊಲಂಬಸ್ ಅಪ್ಪ: ಹೋದ ವರ್ಷ ನಮ್ಮ ಪಕ್ಕದ ರೂಮಿನವರು ಒಗ್ಗರಣೆ ಹಾಕಿ ಅಲಾರಂ ಹೊಡೆದುಕೊಂಡು, ಇಡೀ ಲಾಡ್ಜ್ ರಾತ್ರಿ ಹೊರಗೆ ನಿಂತಿತ್ತು. ನಮ್ಮವರೇ ಅಂತ ಹೇಳಿಕೊಳ್ಳಲು ನಾಚಿಕೆಯಾಯಿತು.

ಬೆಣ್ಣೆದೋಸೆ ಭಕ್ತ: ನಿಮಗೆ ನಮ್ಮ ಊಟದ ಬಗ್ಗೆ ನಾಚಿಕೆ ಇದ್ದರೆ ಅದು ನಿಮ್ಮ ಕಷ್ಟ.

ಡಾಕ್ಟರ್: ಜಗಳ ಪಕ್ಕಕ್ಕಿಡಿ. ಕ್ಯಾಂಪ್ ಸ್ಟವ್, ಇದ್ದಿಲಿನ ಗ್ರಿಲ್ ರೂಮಿನೊಳಗೆ ಖಂಡಿತ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಹಾಸನದ ಮಗಳು: ಮೇಡಂ, ನಮ್ಮದು ಸಣ್ಣ ವಿಷಯ ಅನ್ಕೋತೀನಿ. ಐದು ದಿನದ ಹಿಂದೆ ಪಾರ್ಕಿನ ಕ್ಯಾಬಿನ್ನಿನಲ್ಲಿದ್ದೆವು. ಬೆಳಗಿನ ಜಾವ ಎದ್ದಾಗ ರೂಮಿನಲ್ಲಿ ಬಾವಲಿ ಹಾರಾಡುತ್ತಿತ್ತು. ಮೂರು ವರ್ಷದ ಮಗಳು, ಊರಿಂದ ಬಂದಿರುವ ಅಪ್ಪ ಅದೇ ರೂಮಿನಲ್ಲಿ ಮಲಗಿದ್ದರು. ನನ್ನವರು ಕಿಟಕಿ ತೆಗೆದು ಓಡಿಸಿದರು. ಯಾರಿಗೂ ಕಚ್ಚಿದ ಗುರುತಿಲ್ಲ. ಪರವಾಗಿಲ್ಲ ಅಲ್ವಾ?

ಡಾಕ್ಟರ್: ಅಮ್ಮಾ, ಸಣ್ಣ ವಿಷಯ ಅಲ್ಲ. ಬಾವಲಿ ಕಚ್ಚಿದರೆ ರೇಬೀಸ್ ಬರಬಹುದು. ಇವತ್ತೇ ನಿಮ್ಮ ಕೌಂಟಿಯ ಹೆಲ್ತ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ. ಯಾರೂ ಎತ್ತದಿದ್ದರೆ ನೇರ ಎಮರ್ಜೆನ್ಸಿಗೆ ಹೋಗಿ. ‘ನಿದ್ದೆಯಲ್ಲಿದ್ದಾಗ ರೂಮಿನಲ್ಲಿ ಬಾವಲಿ ಇತ್ತು, ಈಗ ಅದು ಸಿಕ್ಕುವುದಿಲ್ಲ’ ಅಂತ ಇದೇ ಮಾತಿನಲ್ಲಿ ಹೇಳಿ.

ಯಾಕೆ ಅಂದರೆ, ಇಲ್ಲಿಯದು ನಮ್ಮೂರ ಆಲದ ಮರದಲ್ಲಿ ನೇತಾಡುವ ದೊಡ್ಡ ಬಾವಲಿ ಅಲ್ಲ. ಹೆಬ್ಬೆರಳಿನಷ್ಟು ಮೈ, ಸೂಜಿಮೊನೆಯಂಥ ಹಲ್ಲು. ಕಚ್ಚಿದರೆ ಗುರುತೇ ಕಾಣದಿರಬಹುದು. ನಿದ್ದೆಯಲ್ಲಿದ್ದವರಿಗೆ ಗೊತ್ತಾಗದಿರಬಹುದು, ಮೂರು ವರ್ಷದವಳಿಗೆ ಹೇಳಲು ಬರುವುದಿಲ್ಲ. ಪರೀಕ್ಷೆಗೆ ಬರುವ ಬಾವಲಿಗಳಲ್ಲಿ ರೇಬೀಸ್ ಇರುವುದು ನೂರಕ್ಕೆ ಸುಮಾರು ಆರರಲ್ಲಿ. ಆದರೆ ಅಮೆರಿಕದಲ್ಲೇ ಸೋಂಕು ತಗುಲಿ ರೇಬೀಸಿನಿಂದ ಸತ್ತ ಹತ್ತು ಜನರಲ್ಲಿ ಸುಮಾರು ಏಳು ಮಂದಿಗೆ ಅದು ಬಂದದ್ದು ಬಾವಲಿಯಿಂದ. 2021ರಲ್ಲಿ ಇಲಿನಾಯ್‌ನಲ್ಲಿ ಎಂಬತ್ತು ದಾಟಿದ ಒಬ್ಬರು ಎದ್ದಾಗ ಕುತ್ತಿಗೆಯ ಮೇಲೆ ಬಾವಲಿ ಇತ್ತು. ಅದನ್ನು ಹಿಡಿದು ಪರೀಕ್ಷಿಸಿದರು, ರೇಬೀಸ್ ಇತ್ತು. ಆ ಹಿರಿಯರೇ ಇಂಜೆಕ್ಷನ್ ಬೇಡ ಅಂದರು. ಸುಮಾರು ಒಂದು ತಿಂಗಳಿಗೆ ಲಕ್ಷಣ ಶುರುವಾಯಿತು, ಉಳಿಯಲಿಲ್ಲ.

ಐದು ದಿನ ಆಯಿತು ಅಂತ ಕೈಬಿಡಬೇಡಿ, ಲಕ್ಷಣ ಬರುವ ಮುಂಚೆ ಶುರು ಮಾಡಿದರೆ ಸಾಕು. ಮೊದಲ ದಿನ ಇಮ್ಯುನೊಗ್ಲೋಬ್ಯುಲಿನ್, ಅಂದರೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಜೊತೆಗೆ ಲಸಿಕೆ. ಆ ದಿನವನ್ನು ಸೊನ್ನೆ ಅಂತ ಹಿಡಿದರೆ ಮತ್ತೆ 3, 7, 14ನೇ ದಿನ ಲಸಿಕೆ ಮಾತ್ರ. ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ. ಇನ್ನೊಮ್ಮೆ ಯಾರಿಗಾದರೂ ಹೀಗಾದರೆ ಕಿಟಕಿ ತೆಗೆಯಬೇಡಿ. ದಪ್ಪ ಗ್ಲೌಸ್ ಹಾಕಿ, ಡಬ್ಬ ಮುಚ್ಚಿ, ಕೆಳಗೆ ರಟ್ಟು ತೂರಿಸಿ ಹಿಡಿಯಿರಿ. ತಲೆ ಜಜ್ಜಬೇಡಿ, ಪರೀಕ್ಷೆ ಮಾಡುವುದು ಮೆದುಳನ್ನು. ರೇಬೀಸ್ ಇಲ್ಲ ಅಂತ ಬಂದರೆ ಇಂಜೆಕ್ಷನ್ನೇ ಬೇಡ.

ಹಾಸನದ ಮಗಳು: ಕೈಕಾಲು ನಡುಗುತ್ತಿದೆ ಮೇಡಂ. ಅಪ್ಪನಿಗೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಟ್ಟಿದ್ದರಂತೆ. ಅವರಿಗೆ ಬೇಡ ಅಲ್ವಾ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೇ ಲಸಿಕೆ, ಭಾರತದಲ್ಲೂ ಈಗ ನಿಂತುಹೋಗಿದೆ. ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪನಿಗೂ ಪೂರ್ತಿ ಕೋರ್ಸ್.

ಹೊರನಾಡ ಕನ್ನಡಿಗ: ಸುಮ್ನೆ ಜನರನ್ನು ಹೆದರಿಸುತ್ತಿದ್ದೀರಿ. ನಮ್ಮ ಹಳೇ ಮನೆಯ ಅಟ್ಟದಲ್ಲಿ ಬಾವಲಿ ತುಂಬಿತ್ತು, ಏನೂ ಆಗಲಿಲ್ಲ. ಅರಿಶಿನ, ಸುಣ್ಣ ಹಚ್ಚಿದರೆ ವಿಷ ಎಳೆಯುತ್ತದೆ.

ಡಾಕ್ಟರ್: ಸರ್, ಇದು ವಿಷ ಅಲ್ಲ, ವೈರಸ್. ಗಾಯವೇ ಕಾಣದ ಕಡೆ ಅರಿಶಿನ ಎಲ್ಲಿಗೆ ಹಚ್ಚುತ್ತೀರಿ? ಒಂದು ಮಗುವಿನ ಜೀವದ ವಿಷಯ. ಮುಂದಿನ ಫಾರ್ವರ್ಡ್ ಹಾಕಿದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ.

ಸಾಗರದ ಸೊಸೆ: ಅಡ್ಮಿನ್ ಎಲ್ಲಿದ್ದೀರಿ?

ಹುಬ್ಬಳ್ಳಿ ಮಂದಿ: ಅಪ್ಪನವರ ವಿಸಿಟರ್ ಇನ್ಶೂರೆನ್ಸ್ ಇದಕ್ಕೆ ದುಡ್ಡು ಕೊಡ್ತದೇನ್ರೀ? ಬಿಲ್ ಸಾವಿರಾರು ಡಾಲರ್ ಬರ್ತದಂತ.

ಬೆಣ್ಣೆದೋಸೆ ಭಕ್ತ: ಕಂಬರ್ಲೆಂಡ್‌ನಲ್ಲಿ ಹುಣ್ಣಿಮೆ ರಾತ್ರಿ ಜಲಪಾತದಲ್ಲಿ ಕಾಮನಬಿಲ್ಲು ಕಾಣುತ್ತದಂತೆ. ನೋಡಿದವರು ಯಾರಾದರೂ ಇದ್ದೀರಾ?

ಮಂಡ್ಯದ ಗೌಡ್ರು: ಉಣ್ಣೆಗೆ ಏನು ಹಚ್ಚಬೇಕು ಮೇಡಂ?

ಡಾಕ್ಟರ್: ಮೇಲೆ ಓದಿ.

ಹಾಸನದ ಮಗಳು: ಎಮರ್ಜೆನ್ಸಿಯಲ್ಲಿದ್ದೇವೆ. ಆ ರೂಮಿನಲ್ಲಿ ಮಲಗಿದ್ದವರಿಗೆಲ್ಲ ಕೊಡುತ್ತೇವೆ ಅಂದರು. ಮಗಳು ಅಳುತ್ತಿದ್ದಾಳೆ. ಅಪ್ಪ ಮಾತ್ರ ‘ಹೊಕ್ಕುಳಿಗಲ್ಲ ತಾನೇ’ ಅಂತ ನರ್ಸನ್ನು ಎರಡು ಸಲ ಕೇಳಿದರು.

ಡಾಕ್ಟರ್: ಮೂರನೇ ದಿನದ ಅಪಾಯಿಂಟ್‌ಮೆಂಟ್ ಹಾಕಿಸಿಕೊಂಡೇ ಹೊರಡಿ.

ಮಂಡ್ಯದ ಗೌಡ್ರು: ಮೇಲೆ ಅಂದ್ರೆ ಎಲ್ಲಿ ಮೇಡಂ?