ಕಡಿತಲೆ ನಡೆಯುವ ಕಾಡಿನಲ್ಲಿ ಮಗುವಿನೊಡನೆ ನಡೆದಾಡಬಹುದೇ? ಕೀಲ್ಡರ್ ಕುರಿತು ಮಾಹಿತಿ ಬೇಕು

ಪ್ರಶ್ನೆ (ಜಯನಗರದಿಂದ):
ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್‌ನಲ್ಲಿರುವ ತಂಗಿಯ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಸ್ಕಾಟ್ಲೆಂಡ್ ಗಡಿಯ ಬಳಿಯ ಕೀಲ್ಡರ್ ಕಾಡಿಗೆ ಹೋಗಿ, ಹತ್ತು ವರ್ಷದ ಮಗನೊಡನೆ ನಡಿಗೆ, ಸೈಕಲ್ ಸವಾರಿ ಮಾಡುವ ಆಸೆಯಿದೆ. ಆದರೆ ಅದು ನಾಟಾಕ್ಕೆಂದೇ ಬೆಳೆಸಿದ ಸರ್ಕಾರಿ ಕಾಡು, ಮರ ಕಡಿಯುವ ಕೆಲಸ ಸದಾ ನಡೆದಿರುತ್ತದೆ ಎನ್ನುತ್ತಾಳೆ ತಂಗಿ. ನಮ್ಮಲ್ಲಾದರೆ ಮೀಸಲು ಅರಣ್ಯದೊಳಗೆ ಚಾರಣ ಮಾಡಲು ಇಲಾಖೆಯ ಅನುಮತಿ ಬೇಕು. ಅಲ್ಲಿ ಯಾರನ್ನು ಕೇಳಬೇಕು? ಮಗುವನ್ನು ಕರೆದೊಯ್ಯುವುದು ಕ್ಷೇಮವೇ?

ಉತ್ತರ 1 (ಮಲ್ಲೇಶ್ವರದಿಂದ):
ನಡಿಗೆಗೆ ಯಾರ ಅನುಮತಿಯೂ ಬೇಡ. ಇಂಗ್ಲೆಂಡಿನ 2000ದ ಕಾಯ್ದೆಯಡಿ ಸರ್ಕಾರದ ಸ್ವಂತ ಅರಣ್ಯಭೂಮಿಯ ಬಹುಭಾಗವನ್ನು ಕಾಲ್ನಡಿಗೆಯವರಿಗೆ ಮುಕ್ತಗೊಳಿಸಲಾಗಿದೆ. ಸೈಕಲ್‌ಗೆ ಆ ಹಕ್ಕು ಅನ್ವಯಿಸುವುದಿಲ್ಲವಾದ್ದರಿಂದ ಗುರುತು ಹಾಕಿದ ಸೈಕಲ್ ದಾರಿಗಳಲ್ಲೇ ಸಾಗಿರಿ. ಮೊದಲನೆಯ ಮಹಾಯುದ್ಧದಲ್ಲಿ ನಾಟಾದ ಕೊರತೆಯಿಂದ ಪಾಠ ಕಲಿತ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಕೀಲ್ಡರ್‌ನಲ್ಲಿ ಗಿಡ ನೆಡುವ ಕೆಲಸ 1926ರಲ್ಲಿ ಆರಂಭವಾಯಿತು. ಅಲ್ಲಿನ ಮರಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್. ತೇವದ ಮಣ್ಣನ್ನೂ ಚಳಿಗಾಳಿಯನ್ನೂ ತಾಳಿಕೊಂಡು ಬೆಳೆಯುವ ಈ ಸೂಚಿಪರ್ಣಿ ಮರವನ್ನು ಸುಮಾರು ನಲವತ್ತು, ಐವತ್ತು ವರ್ಷಕ್ಕೆ ಕಡಿದು ಮತ್ತೆ ನೆಡುತ್ತಾರೆ. ಬೋಳಾದ ಗುಡ್ಡವನ್ನು ಕಂಡು ಮಗ ನೊಂದುಕೊಂಡರೆ, ಪಕ್ಕದಲ್ಲೇ ಮೊಣಕಾಲೆತ್ತರಕ್ಕೆ ಬಂದ ಎಳೆಯ ಸಸಿಗಳನ್ನೂ ತೋರಿಸಿ.

ಉತ್ತರ 2 (ವಿಜಯನಗರದಿಂದ):
ಅಲ್ಲಿ ಕೆಲವು ವರ್ಷ ವಾಸವಾಗಿದ್ದವನಾಗಿ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ: ದಾರಿ ಮುಚ್ಚಿದೆ ಎಂಬ ಫಲಕವಿದ್ದರೆ, ಯಂತ್ರದ ಸದ್ದು ಕೇಳದಿದ್ದರೂ ಒಳಗೆ ಹೋಗಬೇಡಿ. ಮರ ಕಡಿಯುವ ಯಂತ್ರವು ಬುಡವನ್ನು ಹಿಡಿದು ಕೊಯ್ದು, ಉರುಳಿಸಿ, ಕೊಂಬೆಗಳನ್ನು ಸವರಿ, ಬೇಕಾದ ಉದ್ದಕ್ಕೆ ತುಂಡರಿಸುವುದಕ್ಕೆ ಒಂದೆರಡು ನಿಮಿಷವೂ ಹಿಡಿಯುವುದಿಲ್ಲ. ಗರಗಸದ ಸರಪಳಿ ತುಂಡಾದರೆ ಅದರ ಚೂರು ಗುಂಡಿನ ವೇಗದಲ್ಲಿ ಬಹುದೂರ ಸಿಡಿಯಬಲ್ಲದು. ಭಾನುವಾರ ಕೆಲಸ ನಿಂತಿದ್ದರೂ ಇನ್ನೊಂದು ಮರಕ್ಕೆ ಆತುಕೊಂಡು ನಿಂತ ಮರ ಯಾವಾಗ ಬೀಳುವುದೋ ತಿಳಿಯದು.

ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಭಯವಿರುವುದು ರಸ್ತೆ ಬದಿಯ ದಿಮ್ಮಿ ರಾಶಿಗಳ ಬಗ್ಗೆ. ಸಾಲಾಗಿ ಪೇರಿಸಿ, ಹಸಿ ರಾಳದ ವಾಸನೆ ಸೂಸುವ ಆ ರಾಶಿ ಹತ್ತಲು ಕರೆಯುವಂತೆಯೇ ಇರುತ್ತದೆ, ಆದರೆ ಅದನ್ನು ಹಗ್ಗದಿಂದ ಬಿಗಿದಿರುವುದಿಲ್ಲ. ಒಂದು ದಿಮ್ಮಿ ಜಾರಿದರೂ ಮೇಲಿನವೆಲ್ಲ ಉರುಳುತ್ತವೆ. ಹೊರಡುವ ಮೊದಲೇ ಮಗನಿಗೆ ಇದನ್ನು ಮನದಟ್ಟು ಮಾಡಿಸಿ. ಅಂದಮಾತ್ರಕ್ಕೆ ಪ್ರವಾಸವನ್ನು ಕೈಬಿಡಬೇಡಿ. ಬಳಸುದಾರಿಯ ಫಲಕಗಳನ್ನು ಅನುಸರಿಸಿದರೆ ಅದು ಮಕ್ಕಳೊಡನೆ ಓಡಾಡಲು ಬಹಳ ಒಳ್ಳೆಯ ಕಾಡು.

ಉತ್ತರ 3 (ಬಸವನಗುಡಿಯಿಂದ):
ಅಲ್ಲಿನ ಜಲಾಶಯದ ಸುತ್ತ ಸುಮಾರು 42 ಕಿಲೋಮೀಟರ್ ಉದ್ದದ ದಾರಿಯಿದೆ, ನಡೆಯುವವರೂ ಸೈಕಲ್ ಸವಾರರೂ ಅದನ್ನು ಬಳಸಬಹುದು. ಪೂರ್ತಿ ಸುತ್ತದೆ ಒಂದು ಭಾಗವನ್ನಷ್ಟೇ ಆರಿಸಿಕೊಳ್ಳಿ. ಬೆಳಗ್ಗೆ ಸದ್ದಿಲ್ಲದೆ ನಡೆದರೆ ಇಂಗ್ಲೆಂಡಿನಲ್ಲಿ ಅಪರೂಪವಾಗಿರುವ ಕೆಂಪು ಅಳಿಲು ಕಾಣಸಿಗಬಹುದು. ಇರುಳಿನ ನಕ್ಷತ್ರ ವೀಕ್ಷಣೆಗೆ ಆ ಊರು ಹೆಸರಾಗಿದೆಯಾದರೂ ಜೂನ್‌ನಲ್ಲಿ ಅಲ್ಲಿ ಪೂರ್ತಿ ಕತ್ತಲಾಗುವುದೇ ಇಲ್ಲ. ಗಾಳಿಯಿಲ್ಲದ ಸಂಜೆ ನುಸಿಯ ಕಾಟ ವಿಪರೀತ. ಹುಲ್ಲಿನಲ್ಲಿ ಉಣ್ಣಿಗಳಿರುವುದರಿಂದ ತುಂಬುದೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಸಿ, ರಾತ್ರಿ ಮಗನ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಪರೀಕ್ಷಿಸಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ನೇರವಾಗಿ ಎಳೆದು ತೆಗೆಯಿರಿ.