ಸಹಾಯ ಬೇಕು: ಟೈಕೋ ಅವಶೇಷದ ಟೈಟಾನಿಯಂ-44 ರೇಖೆ, 67 ಕೆಇವಿ ಹಿನ್ನೆಲೆಯ ಗೊಂದಲ

ಎಲ್ಲರಿಗೂ ನಮಸ್ಕಾರ. 1572ರ ಸೂಪರ್‌ನೋವಾ (ನಕ್ಷತ್ರ ಸ್ಫೋಟ) ಅವಶೇಷ ಟೈಕೋದಲ್ಲಿ, ಸ್ಫೋಟದಲ್ಲಿ ಹುಟ್ಟೋ ವಿಕಿರಣಶೀಲ ಟೈಟಾನಿಯಂ-44 ಹುಡುಕ್ತಾ ಇದ್ದೇವೆ, ಎಕ್ಸ್-ಕಿರಣ ಬಾಹ್ಯಾಕಾಶ ದೂರದರ್ಶಕ ನುಸ್ಟಾರ್‌ನ ಹಳೆಯ ಡೇಟಾದಲ್ಲಿ. ಅದು ಕ್ಷಯಿಸುವಾಗ 67.87 ಮತ್ತು 78.32 ಕೆಇವಿ (ಎಕ್ಸ್-ಕಿರಣದ ಶಕ್ತಿಯ ಅಳತೆ) ಬಳಿ ಎರಡು ರೇಖೆ ಕೊಡುತ್ತೆ. ಅರ್ಧಾಯುಷ್ಯ ಸುಮಾರು 60 ವರ್ಷ, ಹಾಗಾಗಿ ಈಗ ಉಳಿದಿರೋದು ಶೇ. 1ಕ್ಕೂ ಕಡಿಮೆ. ಇನ್ನೊಂದು ಅವಶೇಷ ಕ್ಯಾಸಿಯೋಪಿಯಾ ಎ ಥರ ಎದ್ದು ಕಾಣೋ ರೇಖೆ ಸಿಗಲ್ಲ. ನಂಬಬಹುದಾದ ಮೇಲ್ಮಿತಿ (ರೇಖೆ ಇದಕ್ಕಿಂತ ಬಲವಾಗಿಲ್ಲ ಅನ್ನೋ ಗಡಿ) ಬಂದರೆ ಅದೇ ದೊಡ್ಡದು.

78.32 ಕೆಇವಿ ರೇಖೆ ಕನ್ನಡಿಗಳ ಪ್ಲಾಟಿನಂ ಅಂಚಿಗೆ (78.4; ಇದರ ಮೇಲೆ ಲೇಪನದ ಪ್ಲಾಟಿನಂ ಎಕ್ಸ್-ಕಿರಣ ಹೀರಿಬಿಡುತ್ತೆ) ಅಂಟಿಕೊಂಡಿದೆ, ರೇಖೆ ಹರಡಿದರೆ ಅರ್ಧ ಭಾಗ ಕತ್ತರಿಸಿ ಹೋಗುತ್ತೆ. ಉಳಿದದ್ದು 67.87. ಅದರ ಪಕ್ಕದಲ್ಲೇ, 67ರ ಹತ್ತಿರ, ಉಪಕರಣದ್ದೇ ಒಂದು ಹಿನ್ನೆಲೆ ರೇಖೆ ಇದೆ. ಸಿಡಿದ ವಸ್ತು ಸೆಕೆಂಡಿಗೆ 5000 ಕಿ.ಮೀ. ವೇಗದಲ್ಲಿದ್ದರೆ ರೇಖೆ ಆಚೆಈಚೆ 1.1 ಕೆಇವಿ ಸರಿಯುತ್ತೆ, ಡಿಟೆಕ್ಟರಿನ ವಿಭೇದನವೇ (ಬೇರ್ಪಡಿಸಿ ತೋರಿಸಬಲ್ಲ ಅಂತರ) 0.9. ಹಾಗಾಗಿ ನಮ್ಮ ರೇಖೆ, ಹಿನ್ನೆಲೆ ರೇಖೆ ಎರಡೂ ಕಲಸಿಹೋಗುತ್ತವೆ.

ಮಾಡಿ ನೋಡಿದ್ದು: ಅವಶೇಷ 8 ಕಲಾನಿಮಿಷ ಅಗಲ, ದೃಷ್ಟಿಕ್ಷೇತ್ರ 12 ಚಿಲ್ಲರೆ; ಪಕ್ಕದಿಂದ ಶುದ್ಧ ಹಿನ್ನೆಲೆ ಸಿಗದ ಕಾರಣ ನುಸ್ಕೈಬಿಜಿಡಿ ಅನ್ನೋ ಹಿನ್ನೆಲೆ ಲೆಕ್ಕದ ಮಾದರಿ ಹಾಕಿದೆವು. ಪಕ್ಕಪಕ್ಕದ ಶಕ್ತಿ ಚಾನೆಲ್‌ಗಳನ್ನು ಗುಂಪು ಮಾಡಿದರೆ ರೇಖೆ ಮಸುಕಾಗುತ್ತೆ ಅಂತ ಗುಂಪು ಮಾಡದೆ ಸಿ-ಸ್ಟ್ಯಾಟ್ (ಕಡಿಮೆ ಎಣಿಕೆಗಳಿಗೆ ಹೊಂದುವ ಸಂಖ್ಯಾಶಾಸ್ತ್ರೀಯ ಅಳತೆ) ಬಳಸಿದೆವು. ಟೈಟಾನಿಯಂನ ಎರಡು ರೇಖೆಗಳನ್ನು ಒಂದೇ ವೇಗಕ್ಕೆ ಕಟ್ಟಿದೆವು. ಆದರೂ ರೇಖೆಯ ಅಗಲವನ್ನು ಮುಕ್ತವಾಗಿ ಬಿಟ್ಟರೆ ಗಾಸಿಯನ್ (ರೇಖೆಗೆ ಹೊಂದಿಸೋ ಗಂಟೆಯಾಕಾರದ ವಕ್ರರೇಖೆ) ಹೋಗಿ ಹಿನ್ನೆಲೆ ರೇಖೆಯನ್ನೇ ನುಂಗುತ್ತೆ. ಕಟ್ಟಿಹಾಕಿದರೆ, ಯಾವ ಅಗಲ ಕೊಟ್ಟೆವೋ ಅದರ ಮೇಲೆ ಮೇಲ್ಮಿತಿ ಕುಣಿಯುತ್ತೆ.

ಈಗ ಯೋಚಿಸ್ತಿರೋದು: ಭೂಮಿ ಅಡ್ಡ ಬಂದಾಗಿನ 02 ಮೋಡ್ ಡೇಟಾದಿಂದ 67ರ ರೇಖೆಯ ಬಲ ಅಳೆದು, ಎಕ್ಸ್‌ಪೋಷರ್ (ವೀಕ್ಷಣಾ ಸಮಯ) ಅನುಪಾತದಲ್ಲಿ, ಅವಶೇಷವನ್ನೇ ನೋಡೋ 01 ಮೋಡಿಗೆ ಕಟ್ಟೋದು. ಅಡ್ಡಿ ಏನಂದ್ರೆ, ವಿಕಿರಣ ಕಣಗಳು ಹೆಚ್ಚಿರೋ ದಕ್ಷಿಣ ಅಟ್ಲಾಂಟಿಕ್ ವಲಯ ದಾಟಿದ ಮೇಲೆ ಉಪಕರಣದ ಹಿನ್ನೆಲೆ ಏರಿ ಇಳಿಯುತ್ತೆ, ಎರಡೂ ಮೋಡ್‌ಗಳಲ್ಲಿ ಅದು ಒಂದೇ ಪಾಲು ಇರಬೇಕೆಂದಿಲ್ಲ.

ಹೀಗೆ ಕಟ್ಟೋದು ಸರಿಯೇ, ಅಥವಾ ನುಸ್ಟಾರ್‌ನ ಎ ಮತ್ತು ಬಿ ಡಿಟೆಕ್ಟರುಗಳಿಗೆ ಹಿನ್ನೆಲೆ ರೇಖೆಯ ಬೇರೆಬೇರೆ ಬಲ ಮುಕ್ತವಾಗಿ ಬಿಟ್ಟು ಆ ಅನಿಶ್ಚಿತತೆಯನ್ನು ಮೇಲ್ಮಿತಿಗೆ ಸೇರಿಸಬೇಕೇ? ಮಾಡಿದ ಅನುಭವ ಇರೋರು ದಯವಿಟ್ಟು ತಿಳಿಸಿ.